ಆರು ವಾರದ ಪ್ಲಾಸ್ಟರು, ನಾಲ್ಕು ವರ್ಷದ ಬೂಟು

ಯಾಣ (ಕುಮಟಾ): ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬ ಮಾತು ಉತ್ತರ ಕನ್ನಡದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಗೋಕರ್ಣಕ್ಕೆ ಹೋಗಲು ಕೈಯಲ್ಲಿ ಕಾಸು ಬೇಕು. ಸಹ್ಯಾದ್ರಿಯ ಕಾಡಿನ ನಡುವೆ ಭೈರವೇಶ್ವರ ಮತ್ತು ಮೋಹಿನಿ ಶಿಖರಗಳು ಕರಿಬಂಡೆಗಳಾಗಿ ಎದ್ದು ನಿಂತಿರುವ ಯಾಣಕ್ಕೆ ಹೋಗಲು ಕಾಲಿನಲ್ಲಿ ಕಸುವು ಬೇಕು ಎಂಬುದು ಅದರ ಇಂಗಿತ. ರಸ್ತೆ ಬಂದ ಮೇಲೆ ಪ್ರವಾಸಿಗರ ಪಾಲಿಗೆ ಗಾದೆಯ ಬಿಸಿ ಬಹುಮಟ್ಟಿಗೆ ತಣ್ಣಗಾಗಿದೆ. ಈ ಕಾಡಿನ ಅಂಚಿನಲ್ಲಿ ಬದುಕುವವರ ಪಾಲಿಗೆ ಮಾತ್ರ ಹಾಗಾಗಿಲ್ಲ. ತೋಟಕ್ಕೆ, ಶಾಲೆಗೆ, ಬಸ್ಸು ನಿಲ್ಲುವ ಜಾಗಕ್ಕೆ ಅವರು ಏರು-ಇಳಿಜಾರುಗಳಲ್ಲಿ ನಡೆದೇ ಹೋಗಬೇಕು.

ಇಂಥ ಒಂದು ಮನೆಯಲ್ಲಿ, ಪಾದಗಳು ಒಳಕ್ಕೆ ತಿರುಚಿಕೊಂಡಿರುವ ಮಗುವೊಂದು ಹುಟ್ಟಿತೆಂದು ಇಟ್ಟುಕೊಳ್ಳೋಣ. ಹಿಮ್ಮಡಿ ಮೇಲಕ್ಕೆ ಸೆಳೆದುಕೊಂಡಿದೆ, ಅಂಗಾಲುಗಳು ಒಂದಕ್ಕೊಂದು ಮುಖ ಮಾಡಿವೆ, ಹೆಬ್ಬೆರಳ ಬದಿಯಲ್ಲಿ ಪಾದ ಬಾಗಿ ಆಳವಾದ ಗೆರೆ ಬಿದ್ದಿದೆ. ಮಗು ಆರೋಗ್ಯವಾಗಿದೆ, ಹಾಲು ಕುಡಿಯುತ್ತದೆ, ಅಳುತ್ತದೆ. ಆದರೆ ಪಾದ ನೋಡಿದ ಅಜ್ಜಿ ಬಾಯಿಗೆ ಸೆರಗು ಹಿಡಿಯುತ್ತಾಳೆ. ವೈದ್ಯರು ಇದನ್ನು ಕ್ಲಬ್‌ಫೂಟ್ ಎನ್ನುತ್ತಾರೆ. ಜನರ ಬಾಯಲ್ಲಿ ಇದು ಸೊಟ್ಟಪಾದ.

ಈ ಮಗು ನಡೆಯಬಲ್ಲದೇ? ನಡೆಯಬಲ್ಲದು, ಓಡಬಲ್ಲದು, ಭೈರವೇಶ್ವರನ ಮೆಟ್ಟಿಲನ್ನೂ ಹತ್ತಬಲ್ಲದು. ಅದಕ್ಕೆ ದೊಡ್ಡ ಶಸ್ತ್ರಚಿಕಿತ್ಸೆಯೂ ಬೇಕಿಲ್ಲ, ಲಕ್ಷಗಟ್ಟಲೆ ಹಣವೂ ಬೇಕಿಲ್ಲ. ವಾರಕ್ಕೊಮ್ಮೆ ಬದಲಿಸುವ ಕೆಲವು ಪ್ಲಾಸ್ಟರು, ಹಿಮ್ಮಡಿಯ ಹಿಂದೆ ಒಂದು ಸಣ್ಣ ಗಾಯ, ಆ ಬಳಿಕ ನಾಲ್ಕೈದು ವರ್ಷ ರಾತ್ರಿ ತೊಡಿಸುವ ಒಂದು ಜೊತೆ ಬೂಟು. ಚಿಕಿತ್ಸೆ ಇಷ್ಟೇ. ತೊಡಕಿರುವುದು ವೈದ್ಯರು ಮಾಡುವ ಮೊದಲ ಭಾಗದಲ್ಲಿ ಅಲ್ಲ, ಮನೆಯವರು ಮಾಡಬೇಕಾದ ಕೊನೆಯ ಭಾಗದಲ್ಲಿ.

ಯಾರ ತಪ್ಪೂ ಅಲ್ಲ

ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದಕ್ಕೆ, ಕೆಲವು ಜನಾಂಗಗಳಲ್ಲಿ ಇನ್ನೂ ಹೆಚ್ಚು ಮಕ್ಕಳಿಗೆ ಈ ದೋಷ ಇರುತ್ತದೆ. ರಾಜ್ಯದಲ್ಲಿ ವರ್ಷಕ್ಕೆ 10 ಲಕ್ಷ ಹೆರಿಗೆ ಎಂದು ದುಂಡಗೆ ಲೆಕ್ಕ ಹಿಡಿದರೆ ಸಾವಿರ ಮಕ್ಕಳಾಯಿತು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ಇಮ್ಮಡಿ. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದಗಳು ತಿರುಚಿರುತ್ತವೆ.

ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳು, ಈಳಿಗೆಮಣೆಯ ಮುಂದೆ ಕುಳಿತಳು, ಕಾಲು ಮಡಚಿ ಮಲಗಿದಳು ಎಂಬ ದೂರುಗಳು ಊರಲ್ಲೂ ಕೇಳಿಬರುತ್ತವೆ, ನಗರದ ಅಪಾರ್ಟ್‌ಮೆಂಟುಗಳಲ್ಲೂ ಕೇಳಿಬರುತ್ತವೆ. ಇವುಗಳಲ್ಲಿ ಯಾವುದಕ್ಕೂ ಆಧಾರವಿಲ್ಲ. ಗರ್ಭದಲ್ಲಿ ಪಾದ ಮೊದಲು ಸರಿಯಾಗಿಯೇ ರೂಪುಗೊಂಡು, ಆಮೇಲೆ ಕಣಕಾಲಿನ ಹಿಂಬದಿ ಮತ್ತು ಒಳಬದಿಯ ಸ್ನಾಯುರಜ್ಜುಗಳು, ಕಟ್ಟುಗಳು ಬಿಗಿದುಕೊಂಡು ತಿರುಚಿಕೊಳ್ಳುತ್ತದೆ. ಹಾಗೇಕೆ ಬಿಗಿದುಕೊಳ್ಳುತ್ತವೆ ಎಂಬುದಕ್ಕೆ ಒಂದೇ ಕಾರಣ ಹೇಳಲು ಬರುವುದಿಲ್ಲ. ವಂಶವಾಹಿಯ ಪಾತ್ರ ಇರುವುದು ಖಚಿತ. ಮೊದಲ ಮಗುವಿಗೆ ಇದ್ದರೆ ಮುಂದಿನ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ ಮೂರು-ನಾಲ್ಕರಷ್ಟು. ಹಾಗೆಂದರೆ ಬಾರದಿರುವ ಸಾಧ್ಯತೆಯೇ ಬಹಳ ಹೆಚ್ಚು. ಸೊಸೆಯನ್ನು ಮಾತಿನಲ್ಲಿ ಚುಚ್ಚುವ ಮನೆಗಳು ಈ ಲೆಕ್ಕವನ್ನು ಒಮ್ಮೆ ಗಮನಿಸಬೇಕು.

ಗರ್ಭಿಣಿಯರಿಗೆ ಐದನೆಯ ತಿಂಗಳ ಹೊತ್ತಿಗೆ ಮಾಡುವ ಸ್ಕ್ಯಾನಿಂಗ್‌ನಲ್ಲಿ ಈ ದೋಷ ಎಷ್ಟೋ ಸಲ ಕಾಣುತ್ತದೆ. ಕಂಡದ್ದೆಲ್ಲ ನಿಜವಾಗಿರಬೇಕೆಂದಿಲ್ಲ. ನಿಜವಾದರೂ, ಬೇರೆ ದೋಷಗಳಿಲ್ಲದ ಬರಿಯ ಸೊಟ್ಟಪಾದ ಗರ್ಭ ತೆಗೆಸಲು ಕಾರಣವೇ ಅಲ್ಲ. ಹುಟ್ಟಿದ ಮೇಲೆ ಮಾತ್ರ ಮಗುವಿನ ಬೆನ್ನುಹುರಿ ಮತ್ತು ಸೊಂಟದ ಕೀಲುಗಳನ್ನು ಒಮ್ಮೆ ಪರೀಕ್ಷಿಸಬೇಕು. ಕೆಲವೊಮ್ಮೆ ಪಾದದ ತಿರುಚು ಅಲ್ಲಿನ ತೊಂದರೆಯ ಲಕ್ಷಣವೂ ಆಗಿರಬಹುದು.

ಇನ್ನೊಂದು ಸೂಕ್ಷ್ಮವಿದೆ. ಗರ್ಭದಲ್ಲಿ ಇಕ್ಕಟ್ಟಾಗಿ ಮಲಗಿದ್ದರಿಂದ ಸೊಟ್ಟಗೆ ಕಾಣುವ ಪಾದವೇ ಬೇರೆ, ನಿಜವಾದ ಕ್ಲಬ್‌ಫೂಟ್ ಬೇರೆ. ಮೊದಲನೆಯದನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ನೇರವಾಗುತ್ತದೆ, ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಎರಡನೆಯದು ಜಗ್ಗುವುದಿಲ್ಲ. ‘ನಮ್ಮ ಮನೆಯ ಮಗುವಿಗೂ ಹೀಗೇ ಇತ್ತು, ಎಣ್ಣೆ ತಿಕ್ಕಿಯೇ ಸರಿಯಾಯಿತು’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರು ಕಂಡದ್ದು ಮೊದಲ ಬಗೆಯ ಪಾದ. ಆ ಮಾತು ನಂಬಿ ನಿಜವಾದ ಕ್ಲಬ್‌ಫೂಟ್‌ಗೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕುತ್ತಾ ಕುಳಿತರೆ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ.

ಚಿಕಿತ್ಸೆ ಸಿಗದೆ ಬೆಳೆದವರನ್ನು ನಾವೆಲ್ಲ ಜಾತ್ರೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಕಂಡಿದ್ದೇವೆ. ಪಾದದ ಹೊರಅಂಚಿನ ಮೇಲೆ, ಕೆಲವೊಮ್ಮೆ ಪಾದದ ಮೇಲ್ಭಾಗದ ಮೇಲೆಯೇ ಭಾರ ಹಾಕಿ ನಡೆಯುತ್ತಾರೆ. ಅಲ್ಲಿ ಚರ್ಮ ದಪ್ಪಗಟ್ಟಿ, ಒಡೆದು ಹುಣ್ಣಾಗುತ್ತದೆ. ಯಾವ ಚಪ್ಪಲಿಯೂ ಹೊಂದುವುದಿಲ್ಲ.

ಅಯೋವಾದ ವೈದ್ಯ

ಬೆರಳುಗಳಿಂದ ಮೃದುವಾಗಿ ತಿದ್ದಿ, ಬಟ್ಟೆ ಸುತ್ತಿ ಪಾದವನ್ನು ನೇರ ಮಾಡಬೇಕೆಂದು ಗ್ರೀಸಿನ ಹಿಪ್ಪೊಕ್ರೆಟಿಸ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಹೇಳಿದ್ದ. ಹಿಮ್ಮಡಿಯ ಸ್ನಾಯುರಜ್ಜುವನ್ನು ಸಣ್ಣ ರಂಧ್ರದ ಮೂಲಕ ಕತ್ತರಿಸುವ ಉಪಾಯವೂ ಹೊಸದಲ್ಲ. ಸ್ವತಃ ಸೊಟ್ಟಪಾದದಿಂದ ಬಳಲುತ್ತಿದ್ದ ಇಂಗ್ಲೆಂಡಿನ ವೈದ್ಯ ವಿಲಿಯಂ ಜಾನ್ ಲಿಟ್ಲ್, 1836ರಲ್ಲಿ ಜರ್ಮನಿಯ ಸ್ಟ್ರೋಮೇಯರ್ ಬಳಿ ಹೋಗಿ ಈ ಚಿಕಿತ್ಸೆ ಮಾಡಿಸಿಕೊಂಡು, ಊರಿಗೆ ಮರಳಿ ಇತರರಿಗೂ ಅದನ್ನೇ ಮಾಡಿದ. ಆದರೂ ಇಪ್ಪತ್ತನೆಯ ಶತಮಾನದಲ್ಲಿ ವೈದ್ಯಲೋಕ ಕತ್ತಿಯ ಕಡೆಗೇ ವಾಲಿತು. ಪಾದವನ್ನು ಅಗಲವಾಗಿ ಸೀಳಿ, ಬಿಗಿದುಕೊಂಡ ಕಟ್ಟುಗಳನ್ನೆಲ್ಲ ಬಿಡಿಸುವ ಶಸ್ತ್ರಚಿಕಿತ್ಸೆ 1970 ಮತ್ತು 80ರ ದಶಕಗಳಲ್ಲಿ ಎಲ್ಲೆಡೆ ರೂಢಿಯಾಯಿತು. ಪಾದ ನೋಡಲು ನೇರವಾಗುತ್ತಿತ್ತು. ಆದರೆ ಮಗು ದೊಡ್ಡವನಾಗುವ ಹೊತ್ತಿಗೆ ಕೀಲುಗಳು ಮರಗಟ್ಟಿ ನೋವು ಶುರುವಾಗುತ್ತಿತ್ತು.

ಇದನ್ನು ಬಹಳ ಮೊದಲೇ ಗಮನಿಸಿದವರು ಇಗ್ನಾಸಿಯೊ ಪೊನ್ಸೆಟಿ. 1914ರಲ್ಲಿ ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ ಗಡಿಯಾರ ರಿಪೇರಿ ಮಾಡುವವರ ಮಗನಾಗಿ ಹುಟ್ಟಿದ ಇವರು, ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ, ಸೋತ ಪಕ್ಷದವರಾದ ಕಾರಣ ದೇಶ ಬಿಟ್ಟು, ಫ್ರಾನ್ಸ್, ಮೆಕ್ಸಿಕೊಗಳ ಮೂಲಕ 1941ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಹಿಂದೆ ಶಸ್ತ್ರಚಿಕಿತ್ಸೆಗೆ ಒಳಗಾದವರ ಪಾದಗಳನ್ನು ಪರೀಕ್ಷಿಸಿದಾಗ ಎಲ್ಲವೂ ಬಿಗಿದು ನೋಯುತ್ತಿದ್ದುದು ಕಂಡುಬಂತು. ಎಳೆಯ ಮಗುವಿನ ಪಾದದ ಮೂಳೆಗಳಲ್ಲಿ ಹೆಚ್ಚಿನವು ಇನ್ನೂ ಮೃದ್ವಸ್ಥಿ, ಕಟ್ಟುಗಳೂ ಹಿಗ್ಗಬಲ್ಲವು. ಕತ್ತರಿಸುವ ಬದಲು ಸರಿಯಾದ ದಿಕ್ಕಿನಲ್ಲಿ ಸ್ವಲ್ಪಸ್ವಲ್ಪವೇ ಹಿಗ್ಗಿಸಿದರೆ ಸಾಕು ಎಂಬ ತೀರ್ಮಾನಕ್ಕೆ ಅವರು ಬಂದರು. 1963ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನವರು ಲಕ್ಷ್ಯ ಕೊಡಲಿಲ್ಲ.

ಮೂವತ್ತು ವರ್ಷಗಳ ಬಳಿಕ ಅವರ ಸಹೋದ್ಯೋಗಿಗಳು ಹಳೆಯ ರೋಗಿಗಳನ್ನು ಹುಡುಕಿ ತೆಗೆದರು. 45 ಮಂದಿ, 71 ಪಾದಗಳು, ಸರಾಸರಿ ವಯಸ್ಸು 34. ಅವರಲ್ಲಿ ಶೇ 78ರಷ್ಟು ಜನರ ಪಾದ ಉತ್ತಮ ಅಥವಾ ಅತ್ಯುತ್ತಮ ಸ್ಥಿತಿಯಲ್ಲಿತ್ತು. ಹುಟ್ಟಿನಿಂದ ಯಾವ ದೋಷವೂ ಇಲ್ಲದವರನ್ನು ಇದೇ ಅಳತೆಯಲ್ಲಿ ನೋಡಿದಾಗ ಸಿಕ್ಕ ಸಂಖ್ಯೆ ಶೇ 85. ಈ ವರದಿ 1995ರಲ್ಲಿ ಹೊರಬಂತು. ಆಗಷ್ಟೇ ಇಂಟರ್‌ನೆಟ್ ಕಾಲಿಡುತ್ತಿತ್ತು. ತಮ್ಮ ಮಕ್ಕಳನ್ನು ಕತ್ತಿಗೆ ಒಡ್ಡಲು ಒಪ್ಪದ ತಂದೆ-ತಾಯಿಯರು ಪರಸ್ಪರ ಸುದ್ದಿ ಹಂಚಿಕೊಂಡು ಅಯೋವಾಕ್ಕೆ ಧಾವಿಸಿದರು. ವೈದ್ಯರಿಗೆ ವೈದ್ಯರು ಹೇಳಿ ಹರಡಬೇಕಾದ ವಿದ್ಯೆಯನ್ನು ರೋಗಿಗಳ ಮನೆಯವರು ಹರಡಿದ ಅಪರೂಪದ ಪ್ರಸಂಗವಿದು. ಪೊನ್ಸೆಟಿ 2009ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ವಿಧಾನ ಜಗತ್ತಿನ ಬಹುಭಾಗದಲ್ಲಿ ಮೊದಲ ಆಯ್ಕೆಯಾಗಿತ್ತು. ಅವರ ಹುಟ್ಟುಹಬ್ಬವಾದ ಜೂನ್ 3ನ್ನು ಈಗ ವಿಶ್ವ ಕ್ಲಬ್‌ಫೂಟ್ ದಿನವೆಂದು ಆಚರಿಸಲಾಗುತ್ತದೆ.

ವಾರಕ್ಕೊಂದು ಪ್ಲಾಸ್ಟರು

ಮಗುವಿಗೆ ಒಂದೆರಡು ವಾರ ತುಂಬುತ್ತಲೇ ಚಿಕಿತ್ಸೆ ಆರಂಭಿಸಬಹುದು. ತಾಯಿ ಮಗುವಿಗೆ ಹಾಲು ಕುಡಿಸುತ್ತಾ ಸಮಾಧಾನಪಡಿಸುತ್ತಿದ್ದಂತೆ ವೈದ್ಯರು ಪಾದವನ್ನು ಕೆಲವು ನಿಮಿಷ ಮೃದುವಾಗಿ ಎಳೆದು ತಿದ್ದುತ್ತಾರೆ. ಸಿಕ್ಕಷ್ಟು ತಿದ್ದುಪಡಿಯನ್ನು ಹಾಗೆಯೇ ಹಿಡಿದಿಡಲು ತೆಳ್ಳಗೆ ಹತ್ತಿ ಸುತ್ತಿ, ಬೆರಳ ತುದಿಯಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಮಂಡಿ ಮಡಚಿದ ಸ್ಥಿತಿಯಲ್ಲಿರುತ್ತದೆ. ‘ದೋಷ ಪಾದದಲ್ಲಿ, ಪ್ಲಾಸ್ಟರ್ ತೊಡೆಯವರೆಗೇಕೆ?’ ಎಂಬುದು ಸಹಜವಾದ ಪ್ರಶ್ನೆ. ಮಂಡಿಯ ಕೆಳಗೇ ನಿಲ್ಲಿಸಿದರೆ ಪ್ಲಾಸ್ಟರ್ ಜಾರುತ್ತದೆ, ಪಾದವನ್ನು ಹೊರಮುಖವಾಗಿ ಹಿಡಿದಿಡುವ ಬಲವೂ ಅದಕ್ಕಿರುವುದಿಲ್ಲ.

ಐದರಿಂದ ಏಳು ದಿನಗಳ ನಂತರ ಅದನ್ನು ಬಿಚ್ಚಿ, ಇನ್ನಷ್ಟು ತಿದ್ದಿ, ಹೊಸದನ್ನು ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಪ್ಲಾಸ್ಟರುಗಳಲ್ಲಿ ಪಾದ ಹೊರಮುಖವಾಗಿ ತಿರುಗುತ್ತದೆ.

ತಿದ್ದುವುದಕ್ಕೆ ಒಂದು ಕ್ರಮವಿದೆ, ವಿಧಾನದ ಗುಟ್ಟೆಲ್ಲ ಅದರಲ್ಲೇ. ಮೊದಲ ಪ್ಲಾಸ್ಟರಿನಲ್ಲಿ ಹೆಬ್ಬೆರಳ ಬದಿಯನ್ನು ಮೇಲಕ್ಕೆತ್ತಿ ಅಂಗಾಲಿನ ಆಳವಾದ ಕಮಾನನ್ನು ಸಡಿಲಿಸಲಾಗುತ್ತದೆ. ಇದರಿಂದ ಪಾದ ಮೊದಲಿಗಿಂತಲೂ ಸೊಟ್ಟಗಾದಂತೆ ಕಾಣುತ್ತದೆ. ಮನೆಯವರು ಗಾಬರಿಯಾಗುವುದುಂಟು, ಆಗಬೇಕಿಲ್ಲ. ಮುಂದಿನ ವಾರಗಳಲ್ಲಿ ಕಣಕಾಲಿನ ಟೇಲಸ್ ಎಂಬ ಮೂಳೆಯ ಮುಂತಲೆಗೆ ಹೆಬ್ಬೆಟ್ಟು ಆನಿಸಿ, ಅದನ್ನೇ ಗೂಟವಾಗಿ ಇಟ್ಟುಕೊಂಡು ಇಡೀ ಪಾದವನ್ನು ಹೊರಕ್ಕೆ ತಿರುಗಿಸುತ್ತಾ ಹೋಗುತ್ತಾರೆ. ಹಿಮ್ಮಡಿಯನ್ನು ಹಿಡಿಯುವಂತಿಲ್ಲ, ಅದು ತಾನಾಗಿಯೇ ಹಿಂಬಾಲಿಸಬೇಕು. ಹಿಂದಿನ ತಲೆಮಾರಿನ ವೈದ್ಯರು ಹೆಬ್ಬೆಟ್ಟನ್ನು ಬೇರೆ ಜಾಗದಲ್ಲಿ ಒತ್ತಿ ಹಿಮ್ಮಡಿ ತಿರುಗದಂತೆ ತಡೆದುಬಿಡುತ್ತಿದ್ದರು. ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಿಯೂ ಪಾದ ತಿದ್ದದೆ, ಕೊನೆಗೆ ‘ಆಪರೇಷನ್ನೇ ಗತಿ’ ಎನ್ನುತ್ತಿದ್ದುದಕ್ಕೆ ಕಾರಣ ಇದೇ. ಪ್ಲಾಸ್ಟರ್ ಹಾಕಲು ಎಲ್ಲರಿಗೂ ಬರುತ್ತದೆ, ಈ ಪ್ಲಾಸ್ಟರ್ ಹಾಕಲು ಕಲಿತಿರಬೇಕು. ಪೊನ್ಸೆಟಿ ವಿಧಾನದಲ್ಲಿ ತರಬೇತಿ ಪಡೆದಿದ್ದಾರೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ಮನೆಯಲ್ಲಿ ಗಮನಿಸಬೇಕಾದುದು ಮಗುವಿನ ಬೆರಳುಗಳನ್ನು. ಅವು ಸದಾ ಹೊರಗೆ ಕಾಣುತ್ತಿರಬೇಕು, ಬೆಚ್ಚಗಿರಬೇಕು, ಒತ್ತಿ ಬಿಟ್ಟರೆ ತಕ್ಷಣ ಕೆಂಪೇರಬೇಕು. ನೀಲಿಗಟ್ಟಿದರೆ, ಊದಿಕೊಂಡರೆ, ಅಥವಾ ಬೆರಳುಗಳು ಪ್ಲಾಸ್ಟರಿನೊಳಗೆ ಸರಿದು ಮಾಯವಾದರೆ ನಾಳೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಜಾರಿದ ಪ್ಲಾಸ್ಟರ್ ಪಾದವನ್ನು ತಿದ್ದುವುದಿರಲಿ, ಕೆಡಿಸಿಬಿಡುತ್ತದೆ.

ಕೂಸನ್ನು ಮೀಯಿಸುವ ಸಂಭ್ರಮಕ್ಕೆ ಇಷ್ಟು ವಾರ ವಿರಾಮ. ಬಾಣಂತಿ ಮನೆಯ ಹಂಡೆನೀರು, ಎಣ್ಣೆ, ಕಾಲ ಮೇಲೆ ಮಲಗಿಸಿ ನೀರೆರೆಯುವ ಅಜ್ಜಿ, ಇವೆಲ್ಲ ಕರಾವಳಿ-ಮಲೆನಾಡುಗಳಲ್ಲಿ ಬರಿಯ ಶುಚಿತ್ವದ ವಿಷಯವಲ್ಲ, ಅಕ್ಕರೆಯ ವಿಷಯ. ಆದರೆ ನೆನೆದ ಪ್ಲಾಸ್ಟರ್ ಮೆತ್ತಗಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು.

ಸೂಜಿಮೊನೆಯಷ್ಟು ಗಾಯ

ಪ್ಲಾಸ್ಟರುಗಳು ಮುಗಿಯುವ ಹೊತ್ತಿಗೆ ಪಾದ ಹೊರಮುಖವಾಗಿದ್ದರೂ ಹಿಮ್ಮಡಿ ಮಾತ್ರ ಮೇಲೆಯೇ ನಿಂತಿರುತ್ತದೆ. ಹಿಂಬದಿಯ ದಪ್ಪ ಸ್ನಾಯುರಜ್ಜು ಉಳಿದ ಕಟ್ಟುಗಳಂತೆ ಹಿಗ್ಗುವುದಿಲ್ಲ. ಹತ್ತರಲ್ಲಿ ಎಂಟು-ಒಂಬತ್ತು ಮಕ್ಕಳಿಗೆ ಅದನ್ನು ಕತ್ತರಿಸಬೇಕಾಗುತ್ತದೆ.

ಕತ್ತರಿಸುವುದು ಎಂಬ ಮಾತಿಗೆ ಹೆದರಿ ಇಲ್ಲಿಂದಲೇ ಮರಳಿಹೋಗುವವರಿದ್ದಾರೆ. ವಾಸ್ತವದಲ್ಲಿ ಶಿಶುಗಳಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ಸಣ್ಣ ಅಲಗನ್ನು ಚರ್ಮದೊಳಗೆ ತೂರಿಸಿ ರಜ್ಜುವನ್ನು ಪೂರ್ತಿ ಬಿಡಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ, ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಬಿಡಿಸಿದ ಕ್ಷಣ ಪಾದ ಮೇಲಕ್ಕೆ ಮಡಚಿಕೊಳ್ಳುತ್ತದೆ. ಆ ಸ್ಥಿತಿಯಲ್ಲೇ ಕೊನೆಯ ಪ್ಲಾಸ್ಟರ್ ಹಾಕಿ ಮೂರು ವಾರ ಬಿಡುತ್ತಾರೆ. ಅಷ್ಟರಲ್ಲಿ ಕತ್ತರಿಸಿದ ರಜ್ಜು, ಬೇಕಾದಷ್ಟು ಉದ್ದವಾಗಿ, ಮತ್ತೆ ಬೆಳೆದು ಕೂಡಿಕೊಂಡಿರುತ್ತದೆ. ಎಳೆಯ ಮೈಗೆ ಮಾತ್ರ ಸಾಧ್ಯವಿರುವ ಕೆಲಸವಿದು.

ಬೂಟಿನ ಕಾಲ

ಕೊನೆಯ ಪ್ಲಾಸ್ಟರ್ ಬಿಚ್ಚಿದ ದಿನ ಮಗುವಿನ ಪಾದ ಚೆಂದವಾಗಿ ಕಾಣುತ್ತದೆ. ಮನೆಯವರು ಸಿಹಿ ಹಂಚುತ್ತಾರೆ. ಚಿಕಿತ್ಸೆ ಕೆಡುವ ಸಂಭವವಿರುವುದು ಆ ದಿನದಿಂದಲೇ.

ತಿರುಚುವ ಗುಣ ಪಾದದೊಳಗೆ ನಾಲ್ಕೈದು ವರ್ಷ ಜೀವಂತವಾಗಿರುತ್ತದೆ. ಅದನ್ನು ತಡೆಯಲು ಪ್ಲಾಸ್ಟರ್ ಬಿಚ್ಚಿದ ದಿನವೇ ಬ್ರೇಸ್ ತೊಡಿಸಬೇಕು. ಭುಜದಷ್ಟು ಅಗಲದ ಒಂದು ಪಟ್ಟಿ, ಅದರ ಎರಡು ತುದಿಗೆ ಎರಡು ಬೂಟು. ದೋಷವಿದ್ದ ಪಾದದ ಬೂಟು 60ರಿಂದ 70 ಡಿಗ್ರಿ ಹೊರಕ್ಕೆ ತಿರುಗಿರುತ್ತದೆ, ಸರಿಯಿದ್ದ ಪಾದದ್ದು 30ರಿಂದ 40 ಡಿಗ್ರಿ. ಒಂದೇ ಪಾದದಲ್ಲಿ ದೋಷವಿದ್ದರೂ ಎರಡಕ್ಕೂ ಬೂಟು ಬೇಕು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ರಾತ್ರಿ ಮತ್ತು ಹಗಲಿನ ನಿದ್ದೆ ಸೇರಿ 12ರಿಂದ 14 ಗಂಟೆ, ಮಗುವಿಗೆ ನಾಲ್ಕೈದು ವರ್ಷವಾಗುವವರೆಗೆ. ಹಗಲು ಮಗು ಎಲ್ಲರಂತೆ ಬರಿಗಾಲಲ್ಲಿ ಓಡಾಡಬಹುದು.

ಅಯೋವಾದ ತಂಡ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ 157 ಮಕ್ಕಳ 256 ಪಾದಗಳ ಲೆಕ್ಕವಿದೆ. ಶೇ 98ರಷ್ಟು ಮಕ್ಕಳ ಪಾದ ತಿದ್ದಿತು. ಆದರೆ 17 ಮಕ್ಕಳಲ್ಲಿ ದೋಷ ಮರುಕಳಿಸಿತು. ತಡವಾಗಿ ಬಂದದ್ದಾಗಲೀ, ಎಷ್ಟು ಪ್ಲಾಸ್ಟರ್ ಬೇಕಾಯಿತು ಎಂಬುದಾಗಲೀ ಅದಕ್ಕೆ ಕಾರಣವಾಗಿರಲಿಲ್ಲ. ನಂಟು ಕಂಡದ್ದು ಒಂದಕ್ಕೇ: ಹೇಳಿದಂತೆ ಬ್ರೇಸ್ ತೊಡಿಸದಿದ್ದುದು.

ಕೇಳಲು ಸುಲಭ. ಉತ್ತರ ಕನ್ನಡದ ಮನೆಯೊಂದರಲ್ಲಿ ಅದು ಹೇಗೆ ಜಾರಿಹೋಗುತ್ತದೆ ನೋಡಿ. ಮೊದಲ ಹೆರಿಗೆ ತವರಿನಲ್ಲಿ. ಪ್ಲಾಸ್ಟರ್ ಕಾಲವೆಲ್ಲ ಅಲ್ಲೇ ಮುಗಿಯುತ್ತದೆ. ಮಗುವಿಗೆ ಮೂರರಿಂದ ಐದು ತಿಂಗಳಾದಾಗ, ಹಗಲೂ ರಾತ್ರಿ ಬೂಟು ತೊಡಿಸಬೇಕಾದ ಹೊತ್ತಿಗೆ ಸರಿಯಾಗಿ, ಬಾಣಂತಿ ಗಂಡನ ಮನೆಗೆ ಮರಳುತ್ತಾಳೆ. ಆಸ್ಪತ್ರೆಯಲ್ಲಿ ವೈದ್ಯರ ಮಾತು ಕೇಳಿಸಿಕೊಂಡವರು ತವರಿನವರು. ಗಂಡನ ಮನೆಯವರು ಕಾಣುವುದು ನೇರವಾದ ಪಾದ, ಅದಕ್ಕೆ ಬಿಗಿದ ಕಬ್ಬಿಣದ ಪಟ್ಟಿ, ಅಳುವ ಮಗು. ‘ಪಾದ ಸರಿಯಾಗಿದೆಯಲ್ಲ, ಕೂಸಿಗೆ ಯಾಕೆ ಈ ಹಿಂಸೆ?’ ಎಂದು ಅತ್ತೆ ಕರುಣೆಯಿಂದಲೇ ಕೇಳುತ್ತಾಳೆ. ಬೂಟು ಅಟ್ಟ ಸೇರುತ್ತದೆ. ಆದ್ದರಿಂದ ಕೊನೆಯ ಪ್ಲಾಸ್ಟರ್ ಬಿಚ್ಚುವ ದಿನ ತಂದೆ ಮತ್ತು ಆತನ ತಾಯಿ ಆಸ್ಪತ್ರೆಗೆ ಬರುವುದು ಅಗತ್ಯವೆಂದೇ ಈ ಲೇಖಕನ ಅನಿಸಿಕೆ.

ಸೀರೆಯ ಜೋಲಿಯಲ್ಲಿ ಪಟ್ಟಿ ಸಿಕ್ಕಿಕೊಳ್ಳುತ್ತದೆ, ಅಗಲವಾದ ತೊಟ್ಟಿಲು ಬೇಕು. ಮಳೆಗಾಲದ ನಾಲ್ಕು ತಿಂಗಳು ಚರ್ಮದ ಬೂಟಿಗೆ ಬೂಸ್ಟು ಹಿಡಿಯುತ್ತದೆ, ಹತ್ತಿಯ ಕಾಲುಚೀಲ ಒಣಗುವುದಿಲ್ಲ; ಒದ್ದೆ ಚೀಲ ತೊಡಿಸಿದರೆ ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದರೆ ಮಗು ಬೂಟನ್ನು ಒಲ್ಲೆನ್ನುತ್ತದೆ. ನಾಲ್ಕಾರು ಜೊತೆ ಕಾಲುಚೀಲ ಇಟ್ಟುಕೊಂಡು ಒಲೆಯ ಬಿಸಿಯಲ್ಲಿ ಒಣಗಿಸುವುದೇ ದಾರಿ. ಮೊದಲ ಕೆಲವು ರಾತ್ರಿ ಅಳು ಇದ್ದದ್ದೇ. ಎರಡೂ ಕಾಲನ್ನು ಒಟ್ಟಿಗೆ ಮಡಚಿ ಚಾಚಿ ಆಡಿಸಿ ತೋರಿಸಿದರೆ ಮಗು ಪಟ್ಟಿಯೊಂದಿಗೇ ಒದೆಯಲು ಕಲಿಯುತ್ತದೆ.

ದೂರದ ದಾರಿ

ಈ ಬ್ರೇಸ್ ದುಬಾರಿಯಾಗಿದ್ದ ಕಾಲವೊಂದಿತ್ತು. ಉಗಾಂಡದಲ್ಲಿ ಕೆಲಸ ಮಾಡುತ್ತಿದ್ದ ಸ್ಟೀನ್‌ಬೀಕ್ ಎಂಬವರು ಸ್ಥಳೀಯ ಚರ್ಮ ಮತ್ತು ಕಬ್ಬಿಣದ ಸರಳಿನಿಂದ ಅಗ್ಗದ ಮಾದರಿಯೊಂದನ್ನು ರೂಪಿಸಿದರು. ಅದೇ ಮಾದರಿ ಭಾರತದಲ್ಲೂ ವ್ಯಾಪಕವಾಗಿ ಬಳಕೆಗೆ ಬಂತು. 2013ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಹುಟ್ಟಿನಿಂದ ಬರುವ ದೋಷಗಳ ಪಟ್ಟಿಯಲ್ಲಿ ಕ್ಲಬ್‌ಫೂಟ್ ಸೇರಿದೆ. ಈ ಯೋಜನೆಯಡಿ ಪತ್ತೆಯಾದ ಮಕ್ಕಳಿಗೆ ಚಿಕಿತ್ಸೆ ಉಚಿತ. ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುವ ಆಶಾ ಕಾರ್ಯಕರ್ತೆ ಬಟ್ಟೆ ಸರಿಸಿ ಪಾದ ನೋಡಿದರೆ ಸಾಕು, ಯಂತ್ರ ಬೇಕಿಲ್ಲ, ರಕ್ತಪರೀಕ್ಷೆ ಬೇಕಿಲ್ಲ.

ಕಂಡ ಮೇಲೆ ಹೋಗಬೇಕಾದ ದಾರಿಯೇ ಉದ್ದ. ಕುಮಟಾದವರಿಗೆ ಎಟುಕುವ ವೈದ್ಯಕೀಯ ಕಾಲೇಜುಗಳಿರುವುದು ಸುಮಾರು 70 ಕಿ.ಮೀ. ದೂರದ ಕಾರವಾರದಲ್ಲಿ, ಘಟ್ಟ ಹತ್ತಿ ಹೋಗಬೇಕಾದ ಹುಬ್ಬಳ್ಳಿಯಲ್ಲಿ, ನೂರು ಕಿ.ಮೀ.ಗೂ ಆಚೆಯ ಮಣಿಪಾಲದಲ್ಲಿ. ಯಾಣದಂಥ ಊರಿನವರು ಮೊದಲು ಕುಮಟಾ ತಲುಪಬೇಕು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2022ರ ಜುಲೈನಲ್ಲಿ, ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ಸಾವು ಸಂಭವಿಸಿದಾಗ ಜೋರಾಗಿ ಎದ್ದಿತ್ತು. ಆ ಕೂಗು ತುರ್ತು ಚಿಕಿತ್ಸೆಯ ಕುರಿತದ್ದು. ಸೊಟ್ಟಪಾದ ತುರ್ತಲ್ಲ, ಅದಕ್ಕೆ ಸೈರನ್ ಇಲ್ಲ. ಆದರೆ ಆರು ವಾರ ಆರು ಸಲ ಅದೇ ದಾರಿಯಲ್ಲಿ ಹೋಗಿಬರಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ಇಲ್ಲ ಎಂಬುದು ನಿಜಕ್ಕೂ ದೊಡ್ಡ ಆಸರೆ. ಜೊತೆಗೆ ಬರುವ ಗಂಡಸಿನ ಒಂದು ದಿನದ ಕೂಲಿಯನ್ನು ಮಾತ್ರ ಯಾವ ಯೋಜನೆಯೂ ಕಟ್ಟಿಕೊಡುವುದಿಲ್ಲ. ಮಳೆಗಾಲದಲ್ಲಂತೂ ದಾರಿಯೇ ಇಲ್ಲವಾಗಬಹುದು: 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕುಮಟಾ-ಕಾರವಾರ ನಡುವಿನ ಹೆದ್ದಾರಿ ಸಂಚಾರ ಹಲವು ದಿನ ನಿಂತುಹೋಗಿತ್ತು.

ಒಂದು ವಾರ ತಪ್ಪಿದರೆ ಚಿಕಿತ್ಸೆ ಕೆಡುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಆದರೆ ಹೋಗಲಾಗದ ವಾರ ಹಳೆಯ ಪ್ಲಾಸ್ಟರನ್ನು ಮನೆಯಲ್ಲೇ ನೆನೆಸಿ ಬಿಚ್ಚಿಹಾಕಬಾರದು. ತಿದ್ದಿದ ಪಾದ ಆಸರೆಯಿಲ್ಲದಿದ್ದರೆ ಬೇಗ ಹಿಂದಕ್ಕೆ ತಿರುಗುತ್ತದೆ. ಫೋನಿನಲ್ಲಿ ಆಸ್ಪತ್ರೆಯವರನ್ನು ಕೇಳಿ ಅವರು ಹೇಳಿದಂತೆ ಮಾಡಬೇಕು. ತಾಲ್ಲೂಕು ಆಸ್ಪತ್ರೆಯ ಮೂಳೆತಜ್ಞರಿಗೇ ಈ ವಿದ್ಯೆ ಕಲಿಸಿ, ವಾರದಲ್ಲೊಂದು ದಿನ ಅಲ್ಲೇ ಪ್ಲಾಸ್ಟರ್ ಹಾಕುವಂತಾದರೆ ಈ ಅಲೆದಾಟದ ಬಹುಭಾಗ ತಪ್ಪುತ್ತದೆ. ಉಗಾಂಡದಲ್ಲಿ ವೈದ್ಯರಲ್ಲದ ಆರೋಗ್ಯ ಸಿಬ್ಬಂದಿಯೂ ತರಬೇತಿ ಪಡೆದು ಈ ಪ್ಲಾಸ್ಟರ್ ಹಾಕುತ್ತಾರೆ.

ಮರುಕಳಿಸಿದರೆ?

ನಡೆಯಲು ಕಲಿತ ಮಗು ಮುಂಗಾಲನ್ನು ಒಳಕ್ಕೆ ಎಳೆಯತೊಡಗಿದರೆ, ಹಿಮ್ಮಡಿ ನೆಲ ಮುಟ್ಟದಿದ್ದರೆ ದೋಷ ಮರಳುತ್ತಿದೆ ಎಂದರ್ಥ. ಮತ್ತೆ ಎರಡು-ಮೂರು ಪ್ಲಾಸ್ಟರು, ಮತ್ತೆ ಬೂಟು. ಎರಡೂವರೆ ವರ್ಷ ದಾಟಿದ ಮೇಲೂ ಮರುಕಳಿಸುತ್ತಿದ್ದರೆ ಪಾದವನ್ನು ಒಳಕ್ಕೆ ಸೆಳೆಯುವ ಒಂದು ಸ್ನಾಯುರಜ್ಜುವನ್ನು ಪಾದದ ನಡುಭಾಗಕ್ಕೆ ಸ್ಥಳಾಂತರಿಸುವ ಶಸ್ತ್ರಚಿಕಿತ್ಸೆಯಿದೆ. ಕೀಲುಗಳನ್ನು ಅದು ಮುಟ್ಟುವುದಿಲ್ಲ.

ದೋಷವಿದ್ದ ಪಾದ ಇನ್ನೊಂದಕ್ಕಿಂತ ತುಸು ಚಿಕ್ಕದಾಗಿ, ಮೀನಖಂಡ ತೆಳ್ಳಗಾಗಿ ಉಳಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದರಿಂದ ಓಟಕ್ಕೆ ಅಡ್ಡಿಯಿಲ್ಲ: ಅಮೆರಿಕದ ಫುಟ್‌ಬಾಲ್ ತಾರೆ ಮಿಯಾ ಹ್ಯಾಮ್, 1992ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸ್ಕೇಟಿಂಗ್ ಪಟು ಕ್ರಿಸ್ಟಿ ಯಾಮಾಗುಚಿ ಇಬ್ಬರೂ ಸೊಟ್ಟಪಾದದೊಂದಿಗೆ ಹುಟ್ಟಿದವರೇ.

ಶಿಶುವಾಗಿದ್ದಾಗ ಚಿಕಿತ್ಸೆ ಸಿಗದೆ ಈಗಾಗಲೇ ನಡೆಯುತ್ತಿರುವ ಮಕ್ಕಳಿಗೂ ಬಾಗಿಲು ಮುಚ್ಚಿಲ್ಲ. ಪ್ಲಾಸ್ಟರುಗಳ ಸಂಖ್ಯೆ ಹೆಚ್ಚಾಗುತ್ತದೆ, ಹಿಮ್ಮಡಿಯ ಚಿಕಿತ್ಸೆಗೆ ಪೂರ್ತಿ ಅರಿವಳಿಕೆ ಬೇಕಾಗುತ್ತದೆ. ಆದರೂ ಎಷ್ಟೋ ಮಕ್ಕಳ ಅಂಗಾಲು ನೆಲಕ್ಕೆ ಊರುವಂತಾಗಿದೆ. ಇಂಥ ಮಗು ಮನೆಯಲ್ಲಿದ್ದರೆ ಅಂಗನವಾಡಿಗೋ ಶಾಲೆಗೋ ಬರುವ ಬಾಲ ಸ್ವಾಸ್ಥ್ಯ ತಂಡದ ಮುಂದೆ ಚಪ್ಪಲಿ ಬಿಚ್ಚಿಸಿ ನಿಲ್ಲಿಸಬೇಕು.